ಮೈಕಿನಲ್ಲಿ ಕೊಟ್ಟ ಪಾಲು

ಈಗಲೂ ಯಾವುದಾದರೂ ಸಭೆಯಲ್ಲಿ ಒಬ್ಬರಿಗೊಬ್ಬರು ಶಾಲು ಹೊದೆಸುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. "ಅಜ್ಜಿಗೆ ಶಾಲು ಅಂದ್ರೆ ಆಗುವುದಿಲ್ಲ" ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮಣಿಪಾಲದ ಒಂದು ದೊಡ್ಡ ಸಭಾಂಗಣದಲ್ಲಿ ಉದ್ಯಮಿಗಳ ಸಮ್ಮೇಳನ ಎಂದು ಎರಡು ದಿನದ ಕಾರ್ಯಕ್ರಮ ಇಟ್ಟಿದ್ದರು. ಕರಾವಳಿಯ ಹುಡುಗರು ಊರು ಬಿಟ್ಟು ಓಡಬಾರದು, ಇಲ್ಲೇ ಏನಾದರೊಂದು ಉದ್ಯಮ ಶುರು ಮಾಡಬೇಕು, ಹಣ ಇದ್ದವರು ಅವರಿಗೆ ಬಂಡವಾಳ ಹಾಕಬೇಕು ಎಂಬುದು ಉದ್ದೇಶ. ಉದ್ದೇಶಕ್ಕೇನು, ಚೆನ್ನಾಗಿಯೇ ಇತ್ತು. ಆದರೆ ಊರು ಬಿಡಬೇಡಿ ಎಂದು ಬುದ್ಧಿ ಹೇಳಲಿಕ್ಕೆ ಕರೆಸಿದ್ದು ಯಾರನ್ನು? ಊರು ಬಿಟ್ಟು ಓಡಿಯೇ ದೊಡ್ಡವರಾದವರನ್ನು! ಅದು ಆ ದಿನ ಯಾರಿಗೂ ವಿಚಿತ್ರ ಎನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ ಬಿಡಿ.

ನಾನಾಗ ಕಾಪುವಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಇವರು, ಎಂದರೆ ನನ್ನ ಯಜಮಾನರು, ಡಿಪ್ಲೊಮಾ ಮಾಡಿ ಮಲ್ಪೆಯ ಒಬ್ಬರ ಐಸ್ ಪ್ಲಾಂಟಿನಲ್ಲಿ ಫೋರ್‌ಮನ್ ಆಗಿದ್ದರು. ಇನ್ನೊಬ್ಬರ ಯಂತ್ರಕ್ಕೆ ಎಣ್ಣೆ ಹಾಕಿ ಹಾಕಿ ಸಾಕಾಗಿ, ಕಾಪುವಿನಲ್ಲೇ ನಮ್ಮದೊಂದು ಐಸ್ ಪ್ಲಾಂಟ್ ಹಾಕಬೇಕು ಎಂಬುದು ಇವರ ತಲೆಗೆ ಹೊಕ್ಕಿತ್ತು. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಹೆಂಡತಿಯ ಹತ್ತಿರ ಸಿನಿಮಾದ ಬಗ್ಗೆ ಮಾತಾಡುತ್ತಾರಂತೆ. ನನ್ನ ಗಂಡ ಐಸ್ ಕಟ್ಟಿಸುವ ಅಮೋನಿಯಾದ ಬಗ್ಗೆ ಮಾತಾಡುತ್ತಿದ್ದರು. ನಗಬೇಡಿ, ಕೇಳಿ ಕೇಳಿ ನನಗೂ ಅದರ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಕುಳಿತು ನಮ್ಮ ಐಸ್ ಪ್ಲಾಂಟಿಗೆ ಯಾವ ಬಣ್ಣದ ಗೇಟು ಇಡಬೇಕು ಎಂದು ಯೋಚಿಸುತ್ತಿದ್ದವಳು ನಾನು.

ನಮ್ಮ ಊರಿನ ಬ್ಯಾಂಕಿನ ಮ್ಯಾನೇಜರರೇ ಆ ಸಮ್ಮೇಳನದ ಸಂಚಾಲಕರು. ಅವರೇ ಮನೆಗೆ ಬಂದು, "ನೀವು ಬಂದು ನಿಮ್ಮ ಯೋಚನೆಯನ್ನು ವೇದಿಕೆಯಲ್ಲಿ ಹೇಳಿ. ಬೊಂಬಾಯಿಯಿಂದ, ದುಬೈಯಿಂದ ದೊಡ್ಡ ದೊಡ್ಡವರು ಬರ್ತಾರೆ. ಯಾರಿಗಾದರೂ ಮನಸ್ಸಿಗೆ ಹಿಡಿಸಿದರೆ ನಿಮ್ಮ ಕೆಲಸ ಆಯ್ತು" ಎಂದು ಇವರನ್ನು ಕರೆದರು. ಇವರಿಗೆ ನೆಲವೇ ಕಾಣಲಿಲ್ಲ. ನನ್ನ ರೇಷ್ಮೆ ಸೀರೆಯೂ ಪೆಟ್ಟಿಗೆಯಿಂದ ಹೊರಗೆ ಬಂತು.

ವೇದಿಕೆಯ ಮೇಲೆ ಸಾಧಕರು ಸಾಲಾಗಿ ಕುಳಿತಿದ್ದರು. ಕಾರ್ಕಳದ ಗೇರುಬೀಜದ ಕಾರ್ಖಾನೆಯವರು ಒಬ್ಬರು. ಗಲ್ಫಿನಲ್ಲಿ ಕಟ್ಟಡದ ಕಂತ್ರಾಟು ಮಾಡಿ ಶಿರ್ವದಲ್ಲಿ ಅರಮನೆಯಂಥ ಮನೆ ಕಟ್ಟಿಸಿದವರು ಇನ್ನೊಬ್ಬರು. ನಡುವಿನ ದೊಡ್ಡ ಕುರ್ಚಿಯಲ್ಲಿ ಬೊಂಬಾಯಿಯ ಹೋಟೆಲ್ ಧಣಿ, ಅವರ ಹುಟ್ಟೂರು ಕಾರ್ಕಳದ ಹತ್ತಿರ. ಒಬ್ಬೊಬ್ಬರ ಪರಿಚಯ ಮಾಡಿಕೊಡಲಿಕ್ಕೂ ಒಬ್ಬೊಬ್ಬ ಪ್ರೊಫೆಸರು! ಆ ಪರಿಚಯಗಳು ಭಾಷಣಕ್ಕಿಂತ ಉದ್ದ. ಎಲ್ಲರ ಕತೆಯೂ ಒಂದೇ. ಹರಕು ಚಡ್ಡಿಯಲ್ಲಿ ಮನೆ ಬಿಟ್ಟದ್ದು, ಹೋಟೆಲಿನಲ್ಲಿ ಗ್ಲಾಸು ತೊಳೆದದ್ದು, ಮೇಜಿನ ಮೇಲೆ ಮಲಗಿದ್ದು, ಆಮೇಲೆ ಅದೇ ಹೋಟೆಲನ್ನು ಖರೀದಿಸಿದ್ದು. ನಾನು ಇವರ ಕಿವಿಯಲ್ಲಿ, "ಇವರೆಲ್ಲ ಹೊರಗೆ ಹೋಗಿ ಗ್ಲಾಸು ತೊಳೆದಿದ್ದಾರಲ್ಲ, ಇವರ ಮನೆಯಲ್ಲಿ ತೊಳೆಯಲಿಕ್ಕೆ ಎಂತದೂ ಇರಲಿಲ್ವಾ?" ಎಂದೆ. ಇವರು "ಶ್!" ಎಂದು ನನ್ನ ಕೈ ಹಿಸುಕಿದರು.

ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಆ ಧಣಿ ಮಾತಾಡಿದಾಗ ನನ್ನ ಕಣ್ಣಲ್ಲೂ ನೀರು ಬಂತು. ಅಮ್ಮ ಸತ್ತ ಸುದ್ದಿ ತಿಳಿದ ದಿನವೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಎದುರು ಕುಳಿತು ಗಿರಾಕಿಗಳಿಗೆ ಚಿಲ್ಲರೆ ಕೊಟ್ಟೆ ಎಂದು ಅವರು ಹೇಳುವಾಗ ಸಭೆಯಲ್ಲಿ ಕೆಮ್ಮುವವರೂ ಇರಲಿಲ್ಲ. ಮಾತಾಡಲಿಕ್ಕೆ ಬರುತ್ತಿತ್ತು ಅವರಿಗೆ. ಆ ಮಾತಿನಲ್ಲಿ ಸುಳ್ಳಿತ್ತು ಎಂದು ನಾನು ಈಗಲೂ ಹೇಳುವುದಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಇವರನ್ನು ಕರೆದರು. ಇವರು ಭಾಷಣ ಮಾಡುವ ಜನ ಅಲ್ಲ. ಮೊದಲು ತಡವರಿಸಿದರು. ಆಮೇಲೆ ಬೂತಾಯಿ ಮೀನಿನ ಸುದ್ದಿ ಎತ್ತಿದ ಕೂಡಲೇ ಮಾತು ಸರಾಗವಾಯಿತು. ಕಾಪುವಿನ ಕಡಲ ಬದಿಗೆ ದೋಣಿಗಳು ಬೆಳಿಗ್ಗೆ ಬೇಗ ಬಂದು ಮುಟ್ಟುತ್ತವೆ, ಮಲ್ಪೆಯಿಂದ ಮಂಜುಗಡ್ಡೆಯ ಲಾರಿ ಬರುವಾಗ ಬಿಸಿಲು ಏರಿರುತ್ತದೆ, ಕೆಲವು ದಿನ ಬರುವುದೇ ಇಲ್ಲ. ಅಷ್ಟರಲ್ಲಿ ಬೂತಾಯಿಯ ಹೊಟ್ಟೆ ಒಡೆದಿರುತ್ತದೆ. ವ್ಯಾಪಾರಿ ಹೇಳಿದ್ದೇ ರೇಟು, ಇಲ್ಲದಿದ್ದರೆ ತೆಂಗಿನ ಬುಡಕ್ಕೆ ಗೊಬ್ಬರ. ಕಾಪುವಿನಲ್ಲೇ ಒಂದು ಪ್ಲಾಂಟ್ ಇದ್ದರೆ ಮೀನು ಹಿಡಿದವನು ತಾನೇ ರೇಟು ಹೇಳಬಹುದು. ಇಷ್ಟನ್ನು ಇವರು ಯಾವ ಅಲಂಕಾರವೂ ಇಲ್ಲದೆ ಹೇಳಿದರು. ನನಗೆ ಹೆಮ್ಮೆಯಿಂದ ಎದೆ ತುಂಬಿ ಬಂದಿತ್ತು.

ಆಗ ಧಣಿ ಎದ್ದು ನಿಂತರು. ತಮಗೆ ಬೆಳಿಗ್ಗೆ ಹೊದೆಸಿದ್ದ ಶಾಲನ್ನು ತೆಗೆದು ಇವರ ಹೆಗಲಿಗೆ ಹಾಕಿದರು. ಮೈಕ್ ಹಿಡಿದು, "ಈ ಹುಡುಗನ ಐಸ್ ಪ್ಲಾಂಟಿನ ಬಂಡವಾಳದಲ್ಲಿ ಅರ್ಧ ಪಾಲು ನನ್ನದು" ಎಂದರು. ಅಲ್ಲಿಯವರೆಗೆ ಕನ್ನಡ, ಇಂಗ್ಲಿಷಿನಲ್ಲೇ ನಡೆದಿದ್ದ ಸಭೆಯಲ್ಲಿ ಒಮ್ಮೆಲೇ ತುಳುವಿಗೆ ಇಳಿದು, "ಉಂದು ಎನ್ನ ಪಾತೆರ" ಎಂದರು. ಇದು ನನ್ನ ಮಾತು ಎಂದು ಅರ್ಥ. ಚಪ್ಪಾಳೆಗೆ ಸಭಾಂಗಣದ ಮಾಡು ಹಾರಿಹೋಗುತ್ತದೋ ಅನ್ನಿಸಿತು.

ಬೇರೆ ಊರಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮಗೆ ಕನ್ನಡ ಎಂದರೆ ಶಾಲೆಯದು, ಸಭೆಯದು, ಪೇಪರಿನದು. ತುಳು ಮನೆಯದು, ಗದ್ದೆಯದು. ಎಲ್ಲಕ್ಕಿಂತ ಮೇಲಾಗಿ ಕೋಲದ ದಿನ, ಎಂದರೆ ಭೂತಾರಾಧನೆಯ ದಿನ, ದೈವ ಎದುರು ನಿಂತು ನುಡಿ ಕೊಡುವುದು ತುಳುವಿನಲ್ಲಿ. ಅಲ್ಲಿ ಊರ ಹತ್ತು ಸಮಸ್ತರ ಎದುರು ಒಬ್ಬ ಮನುಷ್ಯ ಒಂದು ಮಾತು ಆಡಿದನೆಂದರೆ ಮುಗಿಯಿತು. ಅದಕ್ಕೆ ಸಾಕ್ಷಿ ಬೇಡ, ಸಹಿ ಬೇಡ. ಬರೆದುಕೊಡಿ ಎಂದು ಕೇಳುವುದೇ ಅವಮಾನ, ಕೇಳಿದವನು ತಲೆ ತಗ್ಗಿಸಬೇಕು. ನಾವು ಏನು ಮಾಡಿದೆವೆಂದರೆ, ಮಣಿಪಾಲದ ಆ ಸಭಾಂಗಣವನ್ನು ದೈವದ ಅಂಗಳ ಎಂದು ತಿಳಿದೆವು. ಓದು ಬರಹ ಬಂದ ನಾವಿಬ್ಬರೂ, ಬ್ಯಾಂಕ್ ನಡೆಸುವ ಮ್ಯಾನೇಜರರೂ, ನನ್ನ ಸೋದರಮಾವನೂ!

ನನ್ನ ಸೋದರಮಾವನ ವಿಷಯ ಹೇಳಲೇಬೇಕು. ನಮ್ಮದು ಅಳಿಯಕಟ್ಟು, ಆಸ್ತಿ ಬರುವುದು ಹೆಣ್ಣಿನ ಕಡೆಯಿಂದ, ಯಜಮಾನಿಕೆ ಮಾತ್ರ ಸೋದರಮಾವನದು. ಕಾಪುವಿನ ಪೇಟೆಯಿಂದ ಕಡಲಿಗೆ ಹೋಗುವ ದಾರಿಯ ಬದಿಯಲ್ಲಿ ನನ್ನ ಅಮ್ಮನಿಂದ ನನಗೆ ಬಂದ ಒಂದು ತುಂಡು ಜಾಗ ಇತ್ತು. ನನ್ನದೆಂದು ಇದ್ದದ್ದು ಅದೊಂದೇ. ಕಾನೂನು ಏನೇ ಹೇಳಲಿ, ಮಾವನ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ತೆಂಗಿನ ಸಸಿಯನ್ನೂ ನಾವು ನೆಡುತ್ತಿರಲಿಲ್ಲ. ಮಾವ ಮಹಾ ಸಂಶಯದ ಮನುಷ್ಯ. ಹಾಲಿನವನು ಹಾಲು ಹಾಕಿದರೆ ಬೆರಳು ಅದ್ದಿ ನೋಡುವಂಥವರು. ಅಂಥವರು ಸಮ್ಮೇಳನದ ಸುದ್ದಿ ಕೇಳಿ ಎರಡನೇ ಮಾತಿಲ್ಲದೆ, "ಅಷ್ಟು ಜನರ ಎದುರು ತುಳುವಿನಲ್ಲಿ ಹೇಳಿದ್ದಾರಲ್ಲ ಮಗಾ, ಇನ್ನೆಂತ ಬೇಕು? ಕಟ್ಟಡ ಶುರು ಮಾಡಿ" ಎಂದರು.

ಮ್ಯಾನೇಜರರೂ ಹಾಗೆಯೇ. ರೂಲ್ಸಿನ ಪ್ರಕಾರ ಪಾಲುದಾರರ ಹಣ ಮೊದಲು ಬರಬೇಕು, ಯಂತ್ರದ ಸಾಲ ಆಮೇಲೆ. "ನಾನೇ ವೇದಿಕೆಯಲ್ಲಿದ್ದೆ ಅಲ್ವಾ, ನನ್ನ ಕಿವಿಯಲ್ಲೇ ಕೇಳಿದ್ದೇನೆ. ಜಾಗದ ಅಡವಿನ ಮೇಲೆ ಕಟ್ಟಡಕ್ಕೆ ಸಾಲ ಈಗಲೇ ಕೊಡುವ, ಯಂತ್ರಕ್ಕೆ ಧಣಿಗಳದ್ದು ಬಂದ ಕೂಡಲೇ" ಎಂದರು. ಇವರು ಮಲ್ಪೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿಯುವಷ್ಟರಲ್ಲಿ ಪ್ಲಾಂಟ್ ಶುರುವಾಗಬೇಕು ಎಂದು ಲೆಕ್ಕ. ಬೇಸಿಗೆಯಿಡೀ ಇವರು ಕೆಂಪು ಕಲ್ಲಿನ ಗೋಡೆಯ ಜೊತೆ ತಾವೂ ಎತ್ತರವಾಗುತ್ತಾ ಹೋದರು. ನೀರಿನ ಡಬ್ಬಗಳನ್ನು ಇಳಿಸಿ ಐಸ್ ಕಟ್ಟಿಸುವ ಉಪ್ಪುನೀರಿನ ತೊಟ್ಟಿ ಆಯಿತು, ಮಂಜುಗಡ್ಡೆಗಳನ್ನು ಉಮಿಯಲ್ಲಿ ಮುಚ್ಚಿಡುವ ಕೋಣೆ ಆಯಿತು, ಕಂಪ್ರೆಸರ್ ಯಂತ್ರ ಕೂರಿಸಲಿಕ್ಕೆ ಕಾಂಕ್ರೀಟಿನ ಕಟ್ಟೆ ಆಯಿತು. ಆ ಕಟ್ಟೆಯ ಮೇಲೆ ಸಂಜೆ ಹೊತ್ತು ನಾವಿಬ್ಬರೂ ಕುಳಿತು ಚಹಾ ಕುಡಿಯುತ್ತಿದ್ದೆವು.

ಧಣಿಯ ಪಾಲು ಬರಲಿಲ್ಲ. ಮಳೆ ಶುರುವಾಯಿತು, ಬರಲಿಲ್ಲ. ಇವರು ಪೋಸ್ಟ್ ಆಫೀಸಿನಿಂದ ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಿದರೆ ಹೋಟೆಲಿನ ಹುಡುಗರು, "ಧಣಿಗಳು ಪೂನಾಕ್ಕೆ ಹೋಗಿದ್ದಾರೆ" ಎನ್ನುತ್ತಿದ್ದರು. "ನೀವೇ ಒಮ್ಮೆ ಬೊಂಬಾಯಿಗೆ ಹೋಗಿ ಕೇಳಿ ಬನ್ನಿ" ಎಂದು ನಾನು ಹೇಳಿದರೆ ಮಾವ ನನ್ನ ಮೇಲೆಯೇ ಸಿಡಿದರು. "ಮಾತು ಕೊಟ್ಟವರ ಬಾಗಿಲಿಗೆ ಹೋಗಿ ಕೈ ಒಡ್ಡುವುದು ಅಂದ್ರೆ ಎಂತ? ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ. ಕೊಡುವ ಮನಸ್ಸಿದ್ದರೂ ಆಮೇಲೆ ಕೊಡುವುದಿಲ್ಲ. ಸುಮ್ಮನಿರು." ಸುಮ್ಮನಿರು, ಸುಮ್ಮನಿರು! ಜಾಗ ನನ್ನದು, ಸುಮ್ಮನಿರಬೇಕಾದವಳೂ ನಾನು.

ಮಳೆಗಾಲ ಮುಗಿಯುತ್ತಾ ಬಂದಾಗ ಧಣಿ ಪೂಜೆಗೆಂದು ಊರಿಗೆ ಬಂದಿದ್ದಾರೆ ಎಂದು ತಿಳಿಯಿತು. ಮಾವನಿಗೆ ಹೇಳದೆ ನಾನು ಇವರನ್ನು ಎಬ್ಬಿಸಿಕೊಂಡು ಹೊರಟೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳ ಮುಟ್ಟಿದೆವು. ಧಣಿಯ ಮನೆಯಂಗಳದಲ್ಲಿ ಚಪ್ಪರ, ನೂರಾರು ಜನ. ನಮ್ಮನ್ನು ಕಂಡದ್ದೇ ಧಣಿ ದೂರದಿಂದಲೇ ಕೈ ಎತ್ತಿ, "ಎಂತ ಮಾರಾಯ, ಐಸ್ ಆಯ್ತಾ?" ಎಂದು ನಕ್ಕರು. ಗುರುತು ಹಿಡಿದಿದ್ದರು! ಹತ್ತಿರ ಕೂರಿಸಿಕೊಂಡು ಊಟ ಮಾಡಿಸಿದರು, ಪಾಯಸ ಎರಡು ಸಲ ಹಾಕಿಸಿದರು. ಪಕ್ಕದವರಿಗೆಲ್ಲ, "ಇವ ನಮ್ಮ ಐಸ್ ಪ್ಲಾಂಟಿನ ಹುಡುಗ" ಎಂದು ಪರಿಚಯ ಮಾಡಿಸಿದರು. ಇವರು ಎಲೆ ನೋಡುತ್ತಾ, "ಕಟ್ಟಡ ಆಗಿದೆ ಧಣಿ, ಉಳಿದದ್ದು ಆಗ್ತಾ ಉಂಟು" ಎಂದರು. ಅಷ್ಟೇ. ಕೈ ತೊಳೆದು ಬಂದ ಮೇಲೂ ಅಷ್ಟೇ.

ಹೊರಡುವ ಹೊತ್ತಾಯಿತು. ಇನ್ನು ಇವರು ಕೇಳುವುದಿಲ್ಲ ಎಂದು ಖಾತ್ರಿಯಾದಾಗ ನಾನೇ ಬಾಯಿ ಬಿಟ್ಟೆ. "ಧಣಿ, ನಿಮ್ಮ ಪಾಲು ಬಂದರೆ ಯಂತ್ರ ಕೂರಿಸಬಹುದಿತ್ತು. ದೋಣಿ ಇಳಿಯುವ ಸಮಯ ಆಯ್ತು."

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಸಿಟ್ಟಾಗಿದ್ದರೂ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಅಯ್ಯೋ ತಂಗಿ, ಅದು ಸಭೆಯಲ್ಲಿ ಹೇಳಿದ್ದಲ್ವಾ? ಹುಡುಗರಿಗೆ ಒಂದು ಧೈರ್ಯ ಬರಲಿ, ಸಭೆಗೆ ಒಂದು ಕಳೆ ಬರಲಿ ಅಂತ ಹೇಳಿದ್ದು. ನಾನು ಹೋದಲ್ಲೆಲ್ಲ ಹಾಗೆ ಒಬ್ಬರಿಗೆ ಹೇಳ್ತೇನೆ. ನೀವು ಅದನ್ನೇ ಹಿಡ್ಕೊಂಡು ಕೂತಿದ್ದೀರಾ?" ಎಂದರು. ಆಮೇಲೆ ಇವರ ಬೆನ್ನು ತಟ್ಟಿ, "ಬೇರೆಯವರ ಹಣ ನಂಬಿ ಯಾರೂ ಮೇಲೆ ಬರುವುದಿಲ್ಲ ಮಾರಾಯ. ನಾನು ಬಂದದ್ದು ಹೇಗೆ?" ಎಂದು ಉಪದೇಶ ಮಾಡಿದರು. ಗ್ಲಾಸು ತೊಳೆದ ಕತೆ ಮತ್ತೊಮ್ಮೆ ಶುರುವಾಗುವುದರೊಳಗೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಥೂ, ಆ ಪಾಯಸ ಇನ್ನೂ ಗಂಟಲಲ್ಲಿತ್ತು.

ಪಡುಬಿದ್ರಿಯ ಬಸ್ ಸ್ಟ್ಯಾಂಡಿನಲ್ಲಿ ಇವರು, "ನೀನು ಕೇಳಬಾರದಿತ್ತು" ಎಂದರು. ನಾನು ಕೇಳದಿದ್ದರೆ ಪಾಲು ಬರುತ್ತಿತ್ತು ಎಂದಲ್ಲ. ಕೇಳದಿದ್ದರೆ ಇನ್ನೂ ಸ್ವಲ್ಪ ದಿನ ಬರುತ್ತದೆ ಎಂದು ಇರಬಹುದಿತ್ತಲ್ಲ, ಅದಕ್ಕೆ. ನನಗೆ ಅದು ಆಗ ಅರ್ಥವಾಗಲಿಲ್ಲ. ಬಸ್ ಸ್ಟ್ಯಾಂಡ್ ಎಂಬುದನ್ನೂ ಮರೆತು ಬಾಯಿಗೆ ಬಂದಂತೆ ಬೈದೆ.

ಆಮೇಲಿನದು ಉದ್ದ ಎಳೆಯುವುದಿಲ್ಲ. ಪಾಲುದಾರರಿಲ್ಲದೆ ಯಂತ್ರಕ್ಕೆ ಸಾಲ ಇಲ್ಲ, ಯಂತ್ರ ಇಲ್ಲದೆ ಐಸ್ ಇಲ್ಲ. ಮಲ್ಪೆಯವರು ಹಳೆಯ ಕೆಲಸ ಕೊಡಲಿಲ್ಲ. ಎದುರಾಳಿಯಾಗಲು ಹೋದವನನ್ನು ಯಾರು ಕರೆದು ಕೂರಿಸುತ್ತಾರೆ? ಇವರು ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಾ ಕಡಲ ಬದಿಯಲ್ಲಿ ತಿರುಗಿದರು. ಐಸ್ ಪ್ಲಾಂಟಿನ ಮಾತು ನಮ್ಮ ಮನೆಯಲ್ಲಿ ನಿಂತುಹೋಯಿತು. ಮಾವ ಮಾತ್ರ ಸಾಯುವವರೆಗೂ, "ಅವರು ಅಂಥವರಲ್ಲ, ಏನೋ ಅಡಚಣೆ ಆಗಿರಬೇಕು" ಎನ್ನುತ್ತಿದ್ದರು. ತುಳುವಿನಲ್ಲಿ ಆಡಿದ ಮಾತು ಸುಳ್ಳಾಗುತ್ತದೆ ಎಂದು ಒಪ್ಪಿಕೊಳ್ಳಲಿಕ್ಕೆ ಆ ವಯಸ್ಸಿನಲ್ಲಿ ಅವರಿಗೆ ಸಾಧ್ಯವಾಗಲಿಲ್ಲ ಅಂತ ಕಾಣುತ್ತದೆ.

ಮರುವರ್ಷ ಬಿಟ್ಟು ಅದರ ಮುಂದಿನ ವರ್ಷ ಮತ್ತೆ ಸಮ್ಮೇಳನ. ಈ ಸಲ ಉಡುಪಿಯಲ್ಲಿ. ಮತ್ತೆ ಅದೇ ಮ್ಯಾನೇಜರರು ನಮ್ಮ ಮನೆಗೆ ಬಂದರು. ಧಣಿಗಳಿಗೆ ದೊಡ್ಡ ಸನ್ಮಾನವಂತೆ. ವಂದನಾರ್ಪಣೆಯನ್ನು ಇವರೇ ಮಾಡಬೇಕಂತೆ! "ಧಣಿಗಳು ಬೆನ್ನು ತಟ್ಟಿದ ಹುಡುಗ ಅಂತ ನೀವು ಎರಡು ಒಳ್ಳೆ ಮಾತು ಹೇಳಿದರೆ ಸಭೆಗೂ ಶೋಭೆ" ಎಂದರು. ಆಮೇಲೆ ಚಹಾದ ಲೋಟ ಕೆಳಗಿಡುತ್ತಾ, "ನಿಮ್ಮ ಸಾಲದ, ಅಡವಿನ ಜಾಗದ ವಿಷಯ ಮೇಲಿನ ಆಫೀಸಿನಿಂದ ಕೇಳ್ತಾ ಇದ್ದಾರೆ. ನಾನೇ ಹೇಗೋ ತಡೆದು ನಿಲ್ಲಿಸಿದ್ದೇನೆ" ಎಂದೂ ಹೇಳಿದರು. ಎರಡು ಮಾತನ್ನೂ ಒಂದೇ ನಗುಮುಖದಲ್ಲಿ ಹೇಳಿದರು.

ಅವರು ಹೋದ ಮೇಲೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿಮಗೆ ಮಾನ ಮರ್ಯಾದೆ ಉಂಟಾ? ಯಾರಿಗೆ ವಂದನೆ? ಯಾವುದಕ್ಕೆ ವಂದನೆ?" ಎಂದು ಕೂಗಾಡಿದೆ. ಇವರು, "ನಿನ್ನ ಅಮ್ಮನ ಜಾಗ ಉಳಿಯಬೇಕಾ ಬೇಡವಾ?" ಎಂದರು. ಹೋದೆವು.

ಆ ಸಲವೂ ಧಣಿ ಸೊಗಸಾಗಿ ಮಾತಾಡಿದರು. ಅಮ್ಮ ಸತ್ತ ದಿನದ ಕತೆ ಇತ್ತು. ಅದರ ನಂತರ ಹೊಸದೊಂದು ಸೇರಿತ್ತು. "ಕಾಪುವಿನ ಒಬ್ಬ ಹುಡುಗನಿಗೆ ನಾನು ಒಂದು ಸಣ್ಣ ಮಾತಿನ ಧೈರ್ಯ ಕೊಟ್ಟೆ. ಇವತ್ತು ಅವನು ಎಲ್ಲಿದ್ದಾನೆ, ಅವನ ಬಾಯಿಂದಲೇ ಕೇಳಿ" ಎಂದರು. ಕಡೆಗೆ ಕೆಮ್ಮಣ್ಣು ಎಂಬ ಊರಿನ ಒಬ್ಬ ಹುಡುಗಿ ತೆಂಗಿನ ನಾರಿನ ಹಗ್ಗದ ಕಾರ್ಖಾನೆ ಮಾಡುತ್ತೇನೆಂದು ವೇದಿಕೆಗೆ ಬಂದಾಗ, ಧಣಿ ಎದ್ದು ಅವಳಿಗೆ ಶಾಲು ಹೊದೆಸಿ, ಅರ್ಧ ಪಾಲು ತಮ್ಮದೆಂದು ತುಳುವಿನಲ್ಲಿ ಮಾತು ಕೊಟ್ಟರು. ಮುಂದಿನ ಸಾಲಿನಲ್ಲಿದ್ದ ಅವಳ ಅಪ್ಪ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಆಮೇಲೆ ಇವರನ್ನು ಕರೆದರು. ನಾನು ನೆಲ ನೋಡುತ್ತಾ ಕುಳಿತೆ. ನಾಲ್ಕು ಮಾತು ತೊದಲಿ ಇಳಿದು ಬರುತ್ತಾರೆ ಎಂದುಕೊಂಡಿದ್ದೆ. ಶಿವನೇ! ಇವರು ನಿರರ್ಗಳವಾಗಿ ಮಾತಾಡಿದರು. ಧಣಿಗಳ ಆಶೀರ್ವಾದದಿಂದ ಪ್ಲಾಂಟ್ ನಡೆಯುತ್ತಿದೆ ಎಂದರು. ತೊಟ್ಟಿಯಿಂದ ಡಬ್ಬ ಎತ್ತುವಾಗ ಗಡ್ಡೆ ಗಾಜಿನಂತೆ ಹೊಳೆಯುತ್ತದೆ ಎಂದರು. ಬೂತಾಯಿ ಈಗ ಹಾಳಾಗುವುದಿಲ್ಲ, ಕಾಪುವಿನ ಜನ ತಾವೇ ರೇಟು ಹೇಳುತ್ತಾರೆ ಎಂದರು. ಇವರ ಮುಖದಲ್ಲಿ ನಾನು ಎಷ್ಟೋ ದಿನದಿಂದ ಕಾಣದ ಒಂದು ಕಳೆ ಇತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಬಂದಾಗ ಆ ಹುಡುಗಿ ಮತ್ತು ಅವಳ ಅಪ್ಪ ಗೇಟಿನ ಹತ್ತಿರ ನಮಗಾಗಿಯೇ ಕಾಯುತ್ತಿದ್ದರು. ಶಾಲು ಇನ್ನೂ ಅವಳ ಹೆಗಲ ಮೇಲಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ನೇರ ಹೋಗಿ, "ನೋಡಿ, ಅವರ ಮಾತು ನಂಬಿ ಜಾಗ ಅಡವು ಇಡಬೇಡಿ. ಒಂದು ಕಲ್ಲೂ ಇಡಬೇಡಿ. ಅವರು ಕೊಡುವುದಿಲ್ಲ. ನಮ್ಮಲ್ಲಿ ಐಸ್ ಪ್ಲಾಂಟೂ ಇಲ್ಲ, ಎಂತದೂ ಇಲ್ಲ" ಎಂದೆ.

ಹುಡುಗಿಯ ಮುಖ ಬಿಳುಚಿತು. ಅವಳ ಅಪ್ಪ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇನ್ನೊಬ್ಬರ ಮಕ್ಕಳಿಗೆ ಒಳ್ಳೆಯದಾಗುವುದನ್ನು ಕಂಡು ಹೊಟ್ಟೆಕಿಚ್ಚು ಪಡುವವಳನ್ನು ನೋಡುವ ನೋಟ ಅದು. "ಹಾಗೆಂತ ಹೇಳ್ತೀರಿ ಅಮ್ಮ? ನಿಮ್ಮ ಯಜಮಾನರೇ ಈಗ ಮೈಕಿನಲ್ಲಿ ಹೇಳಿದರಲ್ಲ" ಎಂದ. ಆಮೇಲೆ ಇವರ ಕಡೆ ತಿರುಗಿ, ಕೈಮುಗಿದು, "ನೀವು ಹೇಳಿ ಸ್ವಾಮಿ. ಪ್ಲಾಂಟ್ ನಡೀತಾ ಉಂಟಲ್ವಾ?" ಎಂದು ಕೇಳಿದ.

ನಾನು ಇವರನ್ನೇ ನೋಡಿದೆ. ಹೇಳಿ, ಈಗಲಾದರೂ ಹೇಳಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮ್ಯಾನೇಜರರು ಮೆಟ್ಟಿಲ ಮೇಲೆ ಯಾರ ಜೊತೆಗೋ ನಗುತ್ತಾ ನಿಂತಿದ್ದರು. ಇವರು ಒಮ್ಮೆ ಆ ಕಡೆ ನೋಡಿದರು, ಒಮ್ಮೆ ಹುಡುಗಿಯ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ.

"ಹೌದು, ನಡೀತಾ ಉಂಟು" ಎಂದರು.